ನನ್ನ ಬೆಂಚಿನವನಿಗೆ ಬಾಯಿ ಬಂತು

ಬೇರೆಯವರಿಗೆ ಒಳ್ಳೇದಾಗೋದೆಲ್ಲ ಯಾವಾಗಲೂ ನನ್ನ ಪಕ್ಕದಲ್ಲೇ ಆಗುತ್ತೆ. ಇದು ಇವತ್ತು ನಿನ್ನೆಯ ಕತೆಯಲ್ಲ. ಗಣೇಶನ ಹಬ್ಬಕ್ಕೆ ಬೀದಿಯೆಲ್ಲ ಸುತ್ತಿ ತೋರಣ ಕಟ್ಟೋನು ನಾನು, ಪೆಂಡಾಲಿನಲ್ಲಿ ಶಾಲು ಹೊದಿಸಿಕೊಳ್ಳೋನು ಪಕ್ಕದವನು. ಕ್ರಿಕೆಟ್ ಬಾಲು ಚರಂಡಿಗೆ ಬಿದ್ದರೆ ಕೈ ಹಾಕಿ ತೆಗೆಯೋನು ನಾನು, ಅದೇ ಬಾಲಿನಲ್ಲಿ ವಿಕೆಟ್ ತೆಗೆಯೋನು ಪಕ್ಕದವನು. ಇಷ್ಟು ದಿನ ಈ ಪಕ್ಕದವನು ಬದಲಾಗ್ತಾ ಇದ್ದ. ಹಾಗಾಗಿ ನನ್ನ ಹೊಟ್ಟೆಕಿಚ್ಚು ಎಲ್ಲರಿಗೂ ಚೂರು ಚೂರು ಹಂಚಿ ಹೋಗ್ತಿತ್ತು, ಯಾರಿಗೂ ಭಾರ ಆಗ್ತಿರಲಿಲ್ಲ. ಈ ವರ್ಷ ಮಾತ್ರ ಇಡೀ ಪ್ರಸಾದ ಒಬ್ಬನಿಗೇ ಹೋಯಿತು. ಅವನು ನಮ್ಮ ಒಂಬತ್ತನೇ ಕ್ಲಾಸಿನಲ್ಲಿ ನನ್ನ ಬೆಂಚಿನಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕೂರೋನು.

ಇಬ್ಬರಿಗೆ ಒಂದೇ ಬಾಯಿ

ಮೊದಲು ನನ್ನ ವಿಷಯ ಹೇಳಿಬಿಡ್ತೀನಿ. ನಾನು ಸ್ಕೂಲಿಗೆ ಹೋಗೋದು ನೆಂಟರ ಮನೆಗೆ ಹೋದ ಹಾಗೆ. ಹಬ್ಬಕ್ಕೆ ಹೋಗ್ತೀನಿ, ಜಾಸ್ತಿ ದಿನ ಉಳಿಯಲ್ಲ. ಆದರೆ ಹೋದ ದಿನ ಕ್ಲಾಸನ್ನ ನಗಿಸದೆ ಬಂದಿಲ್ಲ. ಮೇಷ್ಟರ ನಡಿಗೆ, ಆಯಾಳ ಕೆಮ್ಮು, ಹೆಡ್ಮಾಷ್ಟ್ರ ಸ್ಕೂಟರ್ ಸ್ಟಾರ್ಟ್ ಆಗದೆ ಒದ್ದಾಡೋದು, ಎಲ್ಲದರ ಮಿಮಿಕ್ರಿಯೂ ನನ್ನ ಹತ್ರ ಇದೆ. ಓದಿನಲ್ಲಿ ರ‍್ಯಾಂಕ್ ಯಾರಾದರೂ ತಗೊಳ್ಳಲಿ, ನಗಿಸೋದರಲ್ಲಿ ನಾನೇ ಫಸ್ಟು ಅಂತ ಚಾಮರಾಜಪೇಟೆಯಿಂದ ಗಾಂಧಿ ಬಜಾರ್‌ವರೆಗೆ ಎಲ್ಲರಿಗೂ ಗೊತ್ತು.

ನನ್ನ ಬೆಂಚಿನವನು ಇದಕ್ಕೆ ಪೂರ್ತಿ ಉಲ್ಟಾ. ಅವರಪ್ಪಂದು ಬಳೇಪೇಟೆಯಲ್ಲಿ ಬಳೆ ಅಂಗಡಿ. ಅಷ್ಟೊಂದು ಗಾಜಿನ ನಡುವೆ ಬೆಳೆದಿದ್ದಕ್ಕೋ ಏನೋ, ಮಾತು ಜೋರಾದರೆ ಏನಾದರೂ ಒಡೆದುಹೋಗುತ್ತೆ ಅನ್ನೋ ಹಾಗೆ ಇರ್ತಿದ್ದ. ಹಾಜರಿ ಕರೆದಾಗ ಎದ್ದು ನಿಲ್ತಾನೆ, ಬಾಯಿ ತೆರೀತಾನೆ, ಒಳಗಿಂದ ಗಾಳಿ ಮಾತ್ರ ಬರುತ್ತೆ. ಐದನೇ ಕ್ಲಾಸಿನಲ್ಲಿ ಒಂದು ದಿನ ಅವನ ಕಷ್ಟ ನೋಡೋಕಾಗದೆ ನಾನೇ 'ಪ್ರೆಸೆಂಟ್ ಸಾರ್' ಅಂದೆ. ಆವತ್ತಿಂದ ಅದು ನನ್ನ ಡ್ಯೂಟಿ ಆಗೋಯ್ತು. ಪಾಠದಲ್ಲಿ ಪ್ರಶ್ನೆ ಕೇಳಿದರೆ ಅವನು ನನ್ನ ಕಿವಿಯಲ್ಲಿ ಉತ್ತರ ಹೇಳ್ತಿದ್ದ, ನಾನು ಎದ್ದು ನಿಂತು ಊರಿಗೆಲ್ಲ ಕೇಳೋ ಹಾಗೆ ಹೇಳ್ತಿದ್ದೆ. ಅರ್ಧ ಮೇಷ್ಟರುಗಳಿಗೆ ನಾನು ಬುದ್ಧಿವಂತ ಅಂತ ಅನುಮಾನ ಬಂದಿತ್ತು.

ಸ್ಕೂಲು ಬಿಟ್ಟ ಮೇಲೆ ಗಾಂಧಿ ಬಜಾರಿನ ಹೋಟೆಲಿಗೆ ಹೋಗ್ತಿದ್ದೆವು. ಅಲ್ಲಿ ಒಬ್ಬ ವಯಸ್ಸಾದ ಸಪ್ಲೈಯರ್. ನಾನು ಎಂಥಾ ಜೋಕು ಹೊಡೆದರೂ ಆ ಮನುಷ್ಯ ನಕ್ಕಿದ್ದಿಲ್ಲ. "ಏನ್ ಬೇಕು?" ಅಂತಾನೆ. "ನನಗೊಂದು ಮಸಾಲೆ, ಅವನಿಗೊಂದು ಖಾರಾಬಾತ್" ಅಂತೀನಿ.

"ಅವನು ಮಾತಾಡಲ್ವಾ?"

"ಅವನ ಮಾತೆಲ್ಲ ನನ್ನ ಹತ್ರ ಡಿಪಾಸಿಟ್ ಇದೆ ಸಾರ್."

ನಗಲ್ಲ. ಟೇಬಲ್ ಒರೆಸಿ ಹೋಗ್ತಾನೆ.

ಹೋದ ವರ್ಷ ಹಾಜರಿ ಕಮ್ಮಿ ಅಂತ ಇಬ್ಬರ ಮನೆಯವರನ್ನೂ ಕರೆಸಿದರು. ನಮ್ಮಪ್ಪನಿಗೆ ಇದು ಹೊಸದಲ್ಲ. ಅವರಪ್ಪ ಮಾತ್ರ ಕಂಗಾಲಾಗಿ, "ಸಾರ್, ನಮ್ಮ ಹುಡುಗ ಒಂದು ದಿನವೂ ತಪ್ಪಿಸಿಲ್ಲ, ದಿನಾ ನಾನೇ ಬಿಟ್ಟು ಹೋಗ್ತೀನಿ" ಅಂದರು. ವಿಚಾರಿಸಿದರೆ ನಿಜ. ಅವನು ದಿನಾ ಬಂದಿದ್ದ. ನಾನು ಬಾರದ ದಿನ ಅವನು ಬೆಂಚಿನ ಮೇಲೆ ಕೂತಿದ್ದರೂ ಆಬ್ಸೆಂಟು.

ಶನಿವಾರದ ಮೇಡಂ

ಈ ವರ್ಷ ಶುರುವಿನಲ್ಲಿ ನಮ್ಮ ಸ್ಕೂಲಿಗೆ ಒಂದು ಬರವಣಿಗೆ ತರಗತಿ ಬಂತು. ಶನಿವಾರ ಕೊನೇ ಪೀರಿಯಡ್ಡು. ನಡೆಸೋಕೆ ಮಲ್ಲೇಶ್ವರದಿಂದ ಒಬ್ಬ ಮೇಡಂ ಬಸ್ಸಿನಲ್ಲಿ ಬರೋರು, ಹೆಗಲಿಗೆ ಬಟ್ಟೆ ಚೀಲ. ಬೈಯಲ್ಲ, ಹೊಗಳಲ್ಲ, ಕೋಲಿಲ್ಲ. ಇಂಥವರ ಹತ್ರ ನಮ್ಮಂಥವರಿಗೆ ಕೆಲಸವೇ ಇಲ್ಲ, ಗೋಡೆಗೆ ಬಾಲು ಹೊಡೆದ ಹಾಗಾಗುತ್ತೆ.

ಅವರ ನಿಯಮಗಳೇ ವಿಚಿತ್ರ. ಬರೆದದ್ದರ ಮೇಲೆ ಹೆಸರು ಹಾಕಬಾರದು. ಅವರು ಮನೆಗೆ ಒಯ್ದು ಎಲ್ಲವನ್ನೂ ಟೈಪ್ ಮಾಡಿಸಿ, ಮುಂದಿನ ಶನಿವಾರ ಯಾರ ಹಾಳೆ ಯಾರಿಗೆ ಬಂತೋ ಅವರ ಕೈಲಿ ಓದಿಸೋರು. ಅಕ್ಷರ ನೋಡಿ ಕಂಡುಹಿಡಿಯೋ ಹಾಗೂ ಇಲ್ಲ. ಬರೆದವರು ಸುಮ್ಮನೆ ಕೂತು ಕೇಳಬೇಕು. ಓದಿ ಮುಗಿದ ಮೇಲೆ ಮೇಡಂ ಒಂದೇ ಪ್ರಶ್ನೆ ಕೇಳೋರು: "ಏನು ಕಾಣಿಸ್ತು?" ಚೆನ್ನಾಗಿದೆಯಾ, ತಪ್ಪಿದೆಯಾ, ನೀತಿ ಏನು, ಅದ್ಯಾವುದೂ ಇಲ್ಲ.

ಮೊದಲ ಸಲ ಓದಿಸಿದ ದಿನ ನನ್ನನ್ನೇ ಕೇಳಿದರು. ನಾನು ಎದ್ದು, "ಗೋಡೆ ಗಡಿಯಾರ ಕಾಣಿಸ್ತು ಮೇಡಂ, ಮನೆಗೆ ಹೋಗೋ ಟೈಮಾಯ್ತು" ಅಂದೆ. ಕ್ಲಾಸೆಲ್ಲ ನಕ್ಕಿತು. ಮೇಡಂ ಗಂಭೀರವಾಗಿ ತಲೆ ಆಡಿಸಿ, "ಸರಿ, ಇವರಿಗೆ ಕಾಣಿಸಿದ್ದು ಗಡಿಯಾರ. ಅಂದರೆ ಬರೆದವರು ಇನ್ನೂ ಚೆನ್ನಾಗಿ ಬರೀಬೇಕು" ಅಂದರು. ಆ ಹಾಳೆ ಬರೆದೋನು ನಮ್ಮ ಕ್ಲಾಸಿನ ಕಬಡ್ಡಿ ಕ್ಯಾಪ್ಟನ್ನು ಅಂತ ಗೇಟಿನ ಹತ್ರ ಗೊತ್ತಾಯಿತು. ಆವತ್ತು ನಾನು ಹಿಂದಿನ ಗೇಟಿಂದ ಮನೆಗೆ ಹೋದೆ.

ಎರಡು ಕುಕ್ಕರು

ಮುಂದಿನ ವಾರಕ್ಕೆ ಕೊಟ್ಟ ವಿಷಯ: ದಿನಾ ಕಿವಿಗೆ ಬೀಳೋ ಒಂದು ಶಬ್ದ. ಹಾಳೆಗಳನ್ನು ಹಂಚಿದಾಗ ನನ್ನ ಕೈಗೊಂದು ಬಂತು. ಓದೋಕೆ ಶುರು ಮಾಡಿದೆ. ಅದು ಹೀಗಿತ್ತು:

"ಒಂದು ವಠಾರ. ಎರಡು ಮನೆ, ನಡುವೆ ಒಂದೇ ಗೋಡೆ. ಈಚೆ ಒಬ್ಬ ಅಜ್ಜಿ, ಆಚೆ ಒಬ್ಬ ಆಂಟಿ. ಇಬ್ಬರ ಕುಕ್ಕರೂ ಒಂದೇ ರಾಗದಲ್ಲಿ ಕೂಗುತ್ತವೆ. ಮೂರು ಕೂಗಿಗೆ ಅಜ್ಜಿ ಒಲೆ ಆರಿಸುತ್ತಾರೆ. ಆ ಮೂರರಲ್ಲಿ ಎರಡು ಆಂಟಿಯವು. ಆಂಟಿಯೂ ಮೂರಕ್ಕೇ ಆರಿಸುತ್ತಾರೆ. ಅದರಲ್ಲಿ ಒಂದು ಅಜ್ಜಿಯದು. ಹೀಗಾಗಿ ಅಜ್ಜಿ ಮನೆಯಲ್ಲಿ ಅನ್ನ ನೆಟ್ಟಗೆ ನಿಂತಿರುತ್ತದೆ, ಆಂಟಿ ಮನೆಯಲ್ಲಿ ಬೇಳೆ ಯಾರ ಮಾತೂ ಕೇಳುವುದಿಲ್ಲ.

"ಒಂದು ಸಂಜೆ ಇಬ್ಬರೂ ಕೂತು ಮಾತಾಡಿಕೊಂಡರು. 'ನೀವು ಮೊದಲು ಇಟ್ಟುಬಿಡಿ, ಆಮೇಲೆ ನಾನಿಡ್ತೀನಿ' ಎಂದರು ಆಂಟಿ. 'ಛೆ ಛೆ, ಆಫೀಸಿಂದ ದಣಿದು ಬಂದಿದೀರ, ನೀವು ಮೊದಲು' ಎಂದರು ಅಜ್ಜಿ. 'ದೊಡ್ಡವರು, ನೀವು ಮೊದಲು.' 'ಮಗು ಹಸಿದಿರುತ್ತೆ, ನೀವು ಮೊದಲು.' ಒಬ್ಬರ ಕೂಗಿಗೆ ಇನ್ನೊಬ್ಬರು ಕಾದರು. ಆ ದಿನ ಎರಡು ಕುಕ್ಕರೂ ಕೂಗಲಿಲ್ಲ. ಕೊನೆಗೆ ಎರಡೂ ಮನೆಯವರು ಬೀದಿ ತುದಿಯ ದೋಸೆ ಗಾಡಿಯ ಮುಂದೆ ಸಿಕ್ಕರು. ದೋಸೆಯವನು ಕಾವಲಿಗೆ ನೀರು ಚಿಮುಕಿಸಿ ಕೇಳಿದ, 'ಮೊದಲು ಯಾರಿಗೆ ಹಾಕಲಿ?'"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕಬಡ್ಡಿ ಕ್ಯಾಪ್ಟನ್ ಮೇಜು ಗುದ್ದಿದ. ಮೇಡಂ "ಏನು ಕಾಣಿಸ್ತು?" ಅಂದಾಗ ಎಲ್ಲರೂ ಒಟ್ಟಿಗೆ ಕೈ ಎತ್ತಿದರು. ಒಬ್ಬರಿಗೆ ಅಜ್ಜಿಯ ಸೆರಗು ಕಾಣಿಸಿತ್ತಂತೆ, ಒಬ್ಬರಿಗೆ ಕಾವಲಿಯ ಹೊಗೆ. ಸೆರಗಿನ ಸುದ್ದಿ ಹಾಳೆಯಲ್ಲೇ ಇರಲಿಲ್ಲ.

ನಾನು ಮಾತ್ರ ಹಾಳೆ ಹಿಡಿದುಕೊಂಡು ನಿಂತೇ ಇದ್ದೆ. ಯಾಕಂದರೆ ಆ ಅಜ್ಜಿ ನಮ್ಮಜ್ಜಿ. ಆ ಗೋಡೆ ನಮ್ಮ ಮನೆ ಗೋಡೆ. ಆ ಗಟ್ಟಿ ಅನ್ನ ಹುಟ್ಟಿದಾಗಿಂದ ತಿಂದಿರೋನು ನಾನು. ನಗಿಸೋದೇ ಕಸುಬು ಮಾಡಿಕೊಂಡಿರೋ ನನಗೆ, ನಮ್ಮ ಅಡುಗೆಮನೆಯಲ್ಲೇ ಇಷ್ಟು ದೊಡ್ಡ ಜೋಕು ದಿನಾ ಮೂರು ಸಲ ಶಿಳ್ಳೆ ಹೊಡೆದು ಕರೆದರೂ ಕೇಳಿಸಿರಲಿಲ್ಲ.

ವಿನಯವಂತ

ಎಲ್ಲರೂ ಅದನ್ನ ಬರೆದೋನು ನಾನೇ ಅಂದುಕೊಂಡರು. ನಗು ಬಂದಿದೆ, ನಮ್ಮ ಮನೆ ಕತೆ, ಓದಿದ್ದೂ ನಾನು. ಇನ್ನೇನು ಬೇಕು. "ನಾನಲ್ಲ ಕಣ್ರೋ" ಅಂದರೆ "ಸಾಕು ಗುರು, ಬಿಲ್ಡಪ್ಪು" ಅಂತ ಬೆನ್ನು ತಟ್ಟೋರು.

ನನಗೆ ಅನುಮಾನ ಇದ್ದದ್ದು ಒಬ್ಬಳ ಮೇಲೆ. ಪಕ್ಕದ ಮನೆ ಆಂಟಿಯ ಮಗಳು ನಮ್ಮ ಕ್ಲಾಸಿನಲ್ಲೇ ಇದಾಳೆ. ಗೋಡೆಯ ಆಚೆ ಕಡೆಯವಳು. ಅಡ್ಡಗಟ್ಟಿ ಕೇಳಿದೆ.

"ನೀನೇ ತಾನೆ ಬರೆದಿದ್ದು?"

"ನಮ್ಮನೇಲಿ ಬೇಳೆ ಬೇಯಲ್ಲ ಅಂತ ನಾನೇ ಯಾಕೋ ಊರಿಗೆಲ್ಲ ಸಾರಲಿ? ಬರೆದಿದ್ದು ನೀನು. ನಮ್ಮಮ್ಮನಿಗೆ ಹೇಳಿದೀನಿ, ಸಂಜೆ ಬರ್ತಾರೆ."

ಸಂಜೆ ಆಂಟಿ ಬಂದೇ ಬಂದರು. ನಮ್ಮಪ್ಪನ ಮುಂದೆಯೇ, "ಏನಪ್ಪಾ, ನಮ್ಮ ಕುಕ್ಕರ್ ಬಗ್ಗೆ ಬರೆದಿದೀಯಂತೆ" ಅಂದರು. ನಾನು ದೇವರ ಮನೆ ಕಡೆ ಕೈ ಮಾಡಿ, "ಆಣೆ ಆಂಟಿ, ಅಷ್ಟು ಚೆನ್ನಾಗಿ ನನಗೆ ಬರೆಯೋಕೆ ಬರಲ್ಲ" ಅಂದೆ. ಆಂಟಿ ಕರಗಿಹೋದರು. ನಮ್ಮಪ್ಪ ಪೇಪರ್ ಕೆಳಗಿಟ್ಟು, ನನ್ನ ಜನ್ಮದಲ್ಲಿ ಮೊದಲ ಸಲ ನನ್ನ ಬಗ್ಗೆ ಒಳ್ಳೇ ಮಾತಾಡಿದರು. "ನೋಡಿ ಇವರೇ, ಬರವಣಿಗೆ ಬಂದ ಮೇಲೆ ಎಂಥಾ ವಿನಯ ಬಂದಿದೆ."

ಮಾಡಿದ ತರಲೆಗೆಲ್ಲ ನಾನಲ್ಲ ಅಂದಾಗ ಒಬ್ಬರೂ ನಂಬಿರಲಿಲ್ಲ, ಅದು ನ್ಯಾಯ. ಮಾಡದ ಒಳ್ಳೇ ಕೆಲಸಕ್ಕೂ ನಾನಲ್ಲ ಅಂದರೆ ನಂಬಲ್ಲ ಅಂದರೆ ಮನುಷ್ಯ ಏನು ಮಾಡಬೇಕು? ಇನ್ನೊಬ್ಬನಿಗೆ ಸೇರಬೇಕಾದ ಹೊಗಳಿಕೆ ನನ್ನ ತಲೆ ಮೇಲೆ ಸುರೀತಾ ಇತ್ತು. ಅವನು ಯಾರು ಅಂತ ಗೊತ್ತಿಲ್ಲದೆ ಅವನ ಮೇಲೆ ಹೊಟ್ಟೆ ಉರೀತಾ ಇತ್ತು. ವಿಳಾಸ ಇಲ್ಲದ ಹೊಟ್ಟೆಕಿಚ್ಚು ಬಹಳ ಕಷ್ಟ.

ಆವತ್ತು ನಮ್ಮ ಮನೆಯಲ್ಲೇ, ನನ್ನ ಪಕ್ಕದಲ್ಲೇ ಕೂತು ನನ್ನ ಬೆಂಚಿನವನು ಹೋಂವರ್ಕ್ ಮಾಡ್ತಿದ್ದ. ಅಂಗಡಿ ಮುಚ್ಚೋದು ತಡ ಅಂತ ದಿನಾ ಸಂಜೆ ಅವನು ನಮ್ಮಲ್ಲೇ ಇರ್ತಾನೆ, ಅಜ್ಜಿ ಕೊಟ್ಟಿದ್ದು ತಿಂತಾನೆ. ಅವನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಅವನನ್ನ ಅನುಮಾನಿಸೋದೂ ಒಂದೇ, ಬೆಂಚನ್ನ ಅನುಮಾನಿಸೋದೂ ಒಂದೇ. "ಯಾರು ಬರೆದಿರಬಹುದು ಮಗಾ?" ಅಂತ ಅವನನ್ನೇ ಕೇಳಿದೆ. ಅವನು ಭುಜ ಕುಣಿಸಿ, ನನಗೆ ಕಾಪಿ ಮಾಡೋಕೆ ಅನುಕೂಲ ಆಗಲಿ ಅಂತ ಪುಸ್ತಕ ಈ ಕಡೆ ತಿರುಗಿಸಿದ.

ನನ್ನ ಹಾಸ್ಯಕ್ಕೆ ಸಿಕ್ಕ ಸಮಾಧಾನ

ಸರಿ, ಬರೆದೇ ತೋರಿಸೋಣ ಅಂತ ಹಟ ಬಂತು. ನನ್ನ ಹತ್ರ ಒಂದು ಬ್ರಹ್ಮಾಸ್ತ್ರ ಇತ್ತು. ಬ್ಯೂಗಲ್ ರಾಕ್ ಬಂಡೆ ಮೇಲಿಂದ ಜಾರಿ, ಪ್ಯಾಂಟು ಹಿಂದುಗಡೆ ಹರಿದು, ನಾನು ಗಾಂಧಿ ಬಜಾರಿನ ಉದ್ದಕ್ಕೂ ಹಿಂದು ಹಿಂದಕ್ಕೆ ನಡೆದುಕೊಂಡು ಮನೆ ಸೇರಿದ ಕತೆ. ಆ ಕತೆ ನಾನು ಎದ್ದು ನಿಂತು ಹೇಳಿದರೆ, ಹಿಂದಕ್ಕೆ ನಡೆದು ತೋರಿಸಿದರೆ, ಹೂವಿನ ಅಂಗಡಿಯವಳು "ಯಾಕಪ್ಪಾ, ದೇವರಿಗೆ ಬೆನ್ನು ತೋರಿಸಬಾರದು ಅಂತಾನಾ?" ಅಂದಿದ್ದನ್ನ ಅವಳ ದನಿಯಲ್ಲೇ ಹೇಳಿದರೆ, ನಕ್ಕು ನಕ್ಕು ಜನಕ್ಕೆ ಉಸಿರು ಸಿಗಲ್ಲ. ಅದನ್ನೇ ಬರೆದೆ. ಬರೆಯೋದು ಬೇಜಾರು ಅಂತ ಚುಟುಕಾಗಿ ಮುಗಿಸಿದೆ. ಹೂವಿನವಳ ಮಾತು ಆಮೇಲೆ ಬಾಯಲ್ಲಿ ಸೇರಿಸಿಕೊಂಡರಾಯ್ತು ಅಂತ ಬಿಟ್ಟೆ.

ಬರೆದವರು ಬಾಯಿ ಬಿಡಬಾರದು ಅನ್ನೋ ನಿಯಮ ಮರೆತೇಹೋಗಿತ್ತು.

ಹಾಳೆ ಹೋಗಿದ್ದು ನಮ್ಮ ಕ್ಲಾಸಿನ ಫಸ್ಟ್ ರ‍್ಯಾಂಕ್ ಹುಡುಗನಿಗೆ. ಅವನು ರಜೆ ಚೀಟಿ ಓದಿದರೂ ಯಾರೋ ಹೋಗಿಬಿಟ್ಟರು ಅನ್ನಿಸುತ್ತೆ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ ಓದಿದ:

"ನಾನು ಬಂಡೆಯಿಂದ ಬಿದ್ದೆ. ನನ್ನ ಪ್ಯಾಂಟು ಹರಿಯಿತು. ಎಲ್ಲರೂ ನಕ್ಕರು. ನಾನು ಹಿಂದಕ್ಕೆ ನಡೆಯುತ್ತಾ ಮನೆಗೆ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ."

ಯಾರೂ ನಗಲಿಲ್ಲ. ಮೇಡಂ "ಏನು ಕಾಣಿಸ್ತು?" ಅಂದರು. ಪಕ್ಕದ ಮನೆ ಹುಡುಗಿ ಎದ್ದು, "ತುಂಬಾ ಒಂಟಿಯಾಗಿರೋ ಒಬ್ಬ ಹುಡುಗ ಕಾಣಿಸ್ತಾನೆ ಮೇಡಂ" ಅಂತ ಕಣ್ಣು ಒರೆಸಿಕೊಂಡಳು. ಕಬಡ್ಡಿ ಕ್ಯಾಪ್ಟನ್ ತಲೆ ತಗ್ಗಿಸಿ, "ಅವನು ನಡೆಯೋವಾಗ ನಾವು ನಗಬಾರದಿತ್ತು" ಅಂದ. ಅವನು ಆ ದಿನ ಅಲ್ಲಿ ಇರಲೇ ಇಲ್ಲ.

ಮೇಡಂ ಹಾಳೆಯನ್ನು ಮೆತ್ತಗೆ ಮಡಿಸಿ ಹೇಳಿದರು, "ಇದನ್ನ ಬರೆದವರು ಯಾರೇ ಆಗಿರಲಿ, ಮನಸ್ಸಿಗೆ ಭಾರ ಅನ್ನಿಸಿದರೆ ಯಾವಾಗ ಬೇಕಾದರೂ ಬಂದು ನನ್ನ ಹತ್ರ ಮಾತಾಡಬಹುದು."

ಖಾರಾಬಾತ್

ಅದಾದ ಮೇಲೆ ಮೇಡಂ ಕೊಟ್ಟ ವಿಷಯ: ನಿಮ್ಮ ಹತ್ತಿರದ ಒಬ್ಬರು. ಅದೃಷ್ಟ ನೋಡಿ, ಈ ಸಲವೂ ನನಗೆ ಬಂದ ಹಾಳೆ ಚೆನ್ನಾಗಿತ್ತು. ಎರಡು ಸಾಲಿಗೇ ಕ್ಲಾಸು ಕಿಸಕ್ಕೆಂದಿತು. ನಾನು ಕೈ ಬೀಸಿ, ಕಣ್ಣು ಅರಳಿಸಿ, ಫುಲ್ ಆಕ್ಟಿಂಗಿನಲ್ಲಿ ಓದಿದೆ:

"ನನಗೊಬ್ಬ ಗೆಳೆಯ ಇದ್ದಾನೆ. ನನ್ನ ಪರವಾಗಿ ಅವನೇ ಮಾತಾಡುತ್ತಾನೆ. ಬಹಳ ಉಪಕಾರಿ. ನನಗೆ ಜ್ವರ ಬಂದಾಗ ಡಾಕ್ಟರಿಗೆ ಎಲ್ಲಿ ನೋವು ಅಂತ ಅವನೇ ಹೇಳಿದ. ಅವನು ಹೇಳಿದ ಜಾಗಕ್ಕೇ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಹೋಟೆಲಿನಲ್ಲಿ ನನಗೆ ಏನು ಬೇಕು ಅಂತ ಸಪ್ಲೈಯರ್ ಕೇಳುವ ಮೊದಲೇ ಅವನು ಖಾರಾಬಾತ್ ಅನ್ನುತ್ತಾನೆ. ನಾನು ಐದನೇ ಕ್ಲಾಸಿನಿಂದ ಖಾರಾಬಾತ್ ತಿನ್ನುತ್ತಿದ್ದೇನೆ. ನನಗೆ ಖಾರಾಬಾತ್ ಕಂಡರೆ ಆಗುವುದಿಲ್ಲ. ಹೇಳೋಣ ಅಂತ ಬಾಯಿ ತೆರೆದಾಗಲೆಲ್ಲ ಅವನು 'ನೋಡಿ, ಇನ್ನೊಂದು ಬೇಕಂತೆ' ಅನ್ನುತ್ತಾನೆ."

ಖಾರಾಬಾತ್ ಬರೋವರೆಗೂ ನಾನೇ ಎಲ್ಲರಿಗಿಂತ ಜೋರಾಗಿ ನಗ್ತಿದ್ದೆ. ಎಂಥಾ ಕತ್ತೆ ಇರಬಹುದು ಈ ಗೆಳೆಯ ಅಂತ. ಆಮೇಲೆ ಕೈ ಗಾಳಿಯಲ್ಲೇ ನಿಂತುಬಿಡ್ತು. ಪಕ್ಕಕ್ಕೆ ನೋಡಿದೆ. ನನ್ನ ಬೆಂಚಿನವನು ಡೆಸ್ಕಿನ ಮೇಲಿನ ಗೀರುಗಳನ್ನ ಬಹಳ ಶ್ರದ್ಧೆಯಿಂದ ನೋಡ್ತಿದ್ದ. ಬೆಂಚೇ ಬರೆದಿತ್ತು.

ಕ್ಲಾಸಿನವರೂ ದಡ್ಡರಲ್ಲ. ಎಲ್ಲರ ಕಣ್ಣೂ ನಮ್ಮಿಬ್ಬರ ಮೇಲೆ. ಹೆಂಗಾದರೂ ಮಾಡಿ ಮಾನ ಉಳಿಸಿಕೊಳ್ಳಬೇಕಲ್ಲ. ಹಾಳೆ ಮುಗಿದಿದ್ದರೂ ಓದ್ತಾ ಇರೋ ಹಾಗೆ ನಾನೇ ಒಂದು ಸಾಲು ಸೇರಿಸಿದೆ. "ಆದರೂ ನನ್ನ ಗೆಳೆಯ ಚಿನ್ನದಂಥವನು, ನೋಡಲಿಕ್ಕೂ ಲಕ್ಷಣವಾಗಿದ್ದಾನೆ."

"ಅದು ಅಲ್ಲಿಲ್ಲ."

ಯಾರ ದನಿ ಅಂತ ಯಾರಿಗೂ ಗೊತ್ತಾಗಲಿಲ್ಲ. ಯಾಕಂದರೆ ಆ ದನಿಯನ್ನ ಯಾರೂ ಕೇಳಿರಲಿಲ್ಲ. ನನ್ನ ಬೆಂಚಿನವನು ಎದ್ದು ನಿಂತಿದ್ದ. ಮಾತು ನೆಟ್ಟಗಿತ್ತು.

"ಲಕ್ಷಣವಾಗಿದ್ದಾನೆ ಅಂತ ನಾನು ಬರೆದಿಲ್ಲ ಮೇಡಂ."

ಕ್ಲಾಸಿನಲ್ಲಿ ಅವನು ಆಡಿದ ಮೊದಲನೇ ಪೂರ್ತಿ ವಾಕ್ಯ ಅದು. ಐದು ವರ್ಷ ಕಾಯ್ದು ಬಂದ ಮಾತು, ನನ್ನ ಮೂತಿಯ ಬಗ್ಗೆ.

ನಿಲ್ಲಿಸೋದು ಹೇಗೆ

ಆ ದಿನ ಮನೆಗೆ ನಡೆಯೋವಾಗ ಕೇಳಿದೆ, "ಕುಕ್ಕರೂ ನೀನೇನಾ?"

"ಹೂಂ."

"ಮತ್ತೆ ಇಷ್ಟು ದಿನ ಯಾಕೋ ಹೇಳಲಿಲ್ಲ?"

"ನೀನು ಓದಿದಾಗ ಎಲ್ಲರೂ ನಕ್ಕರಲ್ಲ. ನನ್ನನ್ನ ಯಾರೂ ನೋಡ್ತಿರಲಿಲ್ಲ, ಆದರೆ ನಾನು ಹೇಳಿದ್ದು ಎಲ್ಲರಿಗೂ ಕೇಳಿಸ್ತಿತ್ತು. ಹಂಗೂ ಆಗಬಹುದು ಅಂತ ನಂಗೆ ಗೊತ್ತೇ ಇರಲಿಲ್ಲ ಮಗಾ. ಇನ್ನೊಂದ್ಸಲ ಆಗಲಿ ಅಂತ ಕಾದೆ."

ನನ್ನ ಜೊತೆ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದೂ ಅದೇ ಮೊದಲು. ನನಗೆ ಖುಷಿ ಆಗಬೇಕಿತ್ತು. ಆಗಿದ್ದು ಬೇರೆ. ನಾನು ಮಾತಾಡ್ತಿದ್ದ ವರ್ಷಗಳೆಲ್ಲ ಇವನು ಕೇಳಿಸಿಕೊಳ್ತಿದ್ದ. ನಾನು ದಿನದ ಮಾಲು ದಿನವೇ ಖರ್ಚು ಮಾಡಿದೆ, ಇವನು ಬಳೇಪೇಟೆಯವನಲ್ಲವಾ, ಹೋಲ್‌ಸೇಲಿನಲ್ಲಿ ಗೋಡೌನ್ ತುಂಬಿಸಿಟ್ಟಿದ್ದ.

ಮುಂದಿನ ವಾರದಿಂದ ಗೋಡೌನ್ ಬಾಗಿಲು ತೆರೀತು. ಹಾಜರಿಗೆ ಅವನೇ 'ಪ್ರೆಸೆಂಟ್ ಸಾರ್' ಅಂದ. ಅಭ್ಯಾಸಬಲದಿಂದ ನಾನೂ ಅಂದೆ, ಒಬ್ಬನಿಗೆ ಎರಡು ಹಾಜರಿ ಆಯ್ತು. ಬಸ್ಸಿನಲ್ಲಿ ಕಂಡಕ್ಟರ್ ಹತ್ರ ಅವನೇ ಟಿಕೆಟ್ ಕೇಳಿದ. ವಿವಿ ಪುರಂ ತಿಂಡಿ ಬೀದಿಯಲ್ಲಿ ಅವರೆಬೇಳೆ ದೋಸೆಗೆ ಬೆಣ್ಣೆ ಕಮ್ಮಿ ಆಯ್ತು ಅಂತ ಅವನೇ ಜಗಳ ಆಡಿ ಹಾಕಿಸಿಕೊಂಡ. ನನಗೆ ಹಾಕಿಸಲಿಲ್ಲ.

ಅವನ ಅಪ್ಪ ಮೈಸೂರ್ ಪಾಕ್ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ನಿನ್ನ ಸಹವಾಸದಿಂದ ನಮ್ಮ ಹುಡುಗನಿಗೆ ಬಾಯಿ ಬಂತಪ್ಪ" ಅಂತ ನನ್ನ ಕೈ ಹಿಡಿದುಕೊಂಡರು, ಕಣ್ಣಲ್ಲಿ ನೀರು. ನನ್ನದಲ್ಲದ ಇನ್ನೊಂದು ಹೊಗಳಿಕೆ. ತಿಂದೆ.

ಹದಿನೈದು ದಿನ ಬಿಟ್ಟು ಅವರೇ ಮತ್ತೆ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಅಂಗಡಿಗೆ ಯಾರೋ ಮದುವೆ ಮನೆಯವರು ಬಂದಿದ್ದರಂತೆ. ಇವರು ಹೊಗಳಿ ಹೊಗಳಿ ಹಸಿರು ಗಾಜಿನ ಬಳೆ ತೋರಿಸ್ತಿದ್ದಾಗ ಮಗ ಮೂಲೆಯಿಂದ ಹೇಳಿದನಂತೆ, "ಇದು ಬೇಡ ಆಂಟಿ, ಧಾರೆ ಮುಗಿಯೋದರಲ್ಲಿ ಅರ್ಧ ಒಡೆದಿರುತ್ತೆ. ಎದುರು ಅಂಗಡೀಲಿ ಚೆನ್ನಾಗಿರೋದಿದೆ."

ಅವರು ಕುರ್ಚಿಯಲ್ಲಿ ಕುಸಿದು ಕೇಳಿದರು, "ಶುರು ಮಾಡಿಸೋದು ಗೊತ್ತಲ್ಲ ನಿನಗೆ. ಇದನ್ನ ನಿಲ್ಲಿಸೋದು ಹೇಗಪ್ಪಾ?"

ಮೊದಲು ಯಾರು

ವರ್ಷದ ಕೊನೆಗೆ ಸ್ಕೂಲಿನ ಹಾಲಿನಲ್ಲಿ ಒಂದು ಕಾರ್ಯಕ್ರಮ. ಆವತ್ತು ಮಾತ್ರ ಮೇಡಂ ನಿಯಮ ಬದಲು: ಬರೆದವರೇ ಓದಬೇಕು. ಎರಡು ಕುಕ್ಕರಿನ ಕತೆ ಆಯ್ಕೆ ಆಯ್ತು. ನಮ್ಮಜ್ಜಿ, ಪಕ್ಕದ ಮನೆ ಆಂಟಿ, ಇಬ್ಬರಿಗೂ ಮುಂದಿನ ಸಾಲಿನಲ್ಲಿ ಕುರ್ಚಿ.

ಹಿಂದಿನ ದಿನ ನಾನು ಹೇಳಿದೆ, "ನೋಡು, ಮೈಕ್ ಮುಂದೆ ನಿಂತರೆ ಕಾಲು ನಡುಗುತ್ತೆ. ನಾನೇ ಓದ್ತೀನಿ ಬಿಡು, ನೀನು ಪಕ್ಕದಲ್ಲಿ ನಿಂತ್ಕೋ."

"ಬೇಡ" ಅಂದ. ಅಷ್ಟೇ. ಆ ಎರಡಕ್ಷರ ನನಗೆ ರಾತ್ರಿಯೆಲ್ಲ ಚುಚ್ಚಿತು. ಬೆಳಿಗ್ಗೆ ದೊಡ್ಡಗಣಪತಿ ಗುಡಿಗೆ ಹೋಗಿ, ಅವನು ತಡವರಿಸಲಿ ಅಂತ ಬೇಡಿಕೊಂಡೆ. ಪೂರ್ತಿ ಅಲ್ಲ. ಒಂಚೂರು. ನನ್ನನ್ನ ಕರೆಯೋ ಅಷ್ಟು.

ಹೆಡ್ಮಾಷ್ಟ್ರು ಮೈಕಿನಲ್ಲಿ ಅವನ ಹೆಸರು ಕರೆದರು. ಅವನು ಬಂದು ನಿಂತ. ಹಾಲಿನ ತುಂಬ ಜನ. ಬಾಯಿ ತೆರೆದ. ಹಳೇ ಗಾಳಿ ಮಾತ್ರ ಬಂತು. ಮತ್ತೆ ತೆರೆದ. ಮತ್ತೆ ಗಾಳಿ. ಅವನಪ್ಪ ಬಾಗಿಲ ಹತ್ರ ನಿಂತಿದ್ದವರು ಕಣ್ಣು ಮುಚ್ಚಿಕೊಂಡರು. ಗಣಪತಿ ನಾನು ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟುಬಿಟ್ಟಿದ್ದ. ನನಗೆ ಖುಷಿ ಆಗಲಿಲ್ಲ. ಹೆಡ್ಮಾಷ್ಟ್ರು ಇನ್ನೊಂದು ಸಲ ಅವನ ಹೆಸರು ಕರೆದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಬಾಯಿ ನನ್ನನ್ನ ಕೇಳದೆ ಕೂಗಿತು:

"ಪ್ರೆಸೆಂಟ್ ಸಾರ್."

ಹಾಲೆಲ್ಲ ಹಿಂದಕ್ಕೆ ತಿರುಗಿತು. ಹೆಡ್ಮಾಷ್ಟ್ರು ಕೆಂಪಾದರು. "ಯಾರದು? ನೀನೇನಾ? ಇವತ್ತೂ ಬಿಡಲ್ವಾ? ನಡಿ ಹೊರಗೆ."

ನಾನು ಎದ್ದೆ. ಹೊರಗೆ ನಡೆಯೋದು ನನಗೇನು ಹೊಸದಲ್ಲ. ಆಗ ಮೈಕಿನಿಂದ ದನಿ ಬಂತು. ಹಾಲಿನ ಮೂಲೆ ಮೂಲೆಗೂ ಕೇಳೋ ಹಾಗೆ.

"ಸಾರ್, ಅವನು ಇರಲಿ. ಇದು ಅವರ ಮನೆ ಅನ್ನ. ಬೆಂದಿದೆಯೋ ಇಲ್ವೋ, ಅವನೇ ತಿಂದು ಹೇಳಬೇಕು."

ನಗುವಿಗೆ ಹಾಲಿನ ಸೂರೇ ಹಾರಿಹೋಯ್ತು. ಹೆಡ್ಮಾಷ್ಟ್ರೇ ನಕ್ಕುಬಿಟ್ಟರು. ನಾನು ನಿಂತಲ್ಲೇ ನಿಂತೆ. ಬರೆಯೋದು ಅವನದು ಅಂತ ಬಿಟ್ಟುಕೊಟ್ಟಾಗಿತ್ತು. ಆದರೆ ಈ ಮಾತು ಯಾವ ಹಾಳೆಯಲ್ಲೂ ಇರಲಿಲ್ಲ, ಅಲ್ಲೇ, ಆ ಕ್ಷಣದಲ್ಲೇ ಹೊಳೆದಿದ್ದು. ನಿಂತ ನಿಲುವಿನಲ್ಲೇ ಜೋಕು ಹೊಡೆಯೋದು, ಅದೊಂದೇ ನನ್ನ ಹತ್ರ ಉಳಿದಿದ್ದ ಆಸ್ತಿ. ಅದನ್ನೂ ಎತ್ತಿಕೊಂಡ. ಆಮೇಲೆ ಪೂರ್ತಿ ಕತೆ ಓದಿದ, ಒಂದು ಕಡೆಯೂ ತಡವರಿಸದೆ. ಚಪ್ಪಾಳೆ ನಿಲ್ಲಲಿಲ್ಲ. ನಾನೂ ಹೊಡೆದೆ, ಹಲ್ಲು ಕಚ್ಚಿಕೊಂಡು.

ಕಾರ್ಯಕ್ರಮ ಮುಗಿದು ಜನ ಹೊರಟರೆ ಬಾಗಿಲು ಖಾಲಿ ಆಗ್ತಿಲ್ಲ. ಹಿಂದೆ ನೂಕುನುಗ್ಗಲು. ಏನಂತ ಮುಂದೆ ಹೋಗಿ ನೋಡಿದರೆ, ಬಾಗಿಲಲ್ಲಿ ನಮ್ಮಜ್ಜಿ ಮತ್ತು ಪಕ್ಕದ ಮನೆ ಆಂಟಿ.

"ದೊಡ್ಡವರು, ನೀವು ಮೊದಲು."

"ಛೆ ಛೆ, ನೀವು ಮೊದಲು ನಡೀರಿ."

ಆ ಇಬ್ಬರನ್ನೂ ಸಾಗಿಸಿ ನಾವಿಬ್ಬರೂ ಗಾಂಧಿ ಬಜಾರಿನ ಹೋಟೆಲಿಗೆ ಹೋದೆವು. ಅದೇ ಟೇಬಲ್ಲು, ಅದೇ ಸಪ್ಲೈಯರ್. ನನಗೆ ಬಾಯಿ ತೆರೆಯೋ ಮನಸ್ಸೇ ಇರಲಿಲ್ಲ. ಅವನು ಕೂತ ತಕ್ಷಣ ಹೇಳಿದ, "ನನಗೊಂದು ಮಸಾಲೆ. ಅವನಿಗೊಂದು ಖಾರಾಬಾತ್."

ಸಪ್ಲೈಯರ್ ನನ್ನ ಮುಖ ನೋಡಿದ. ಅವನ ಮುಖ ನೋಡಿದ. ಟೇಬಲ್ ಒರೆಸೋ ಬಟ್ಟೆ ಹೆಗಲಿಗೆ ಹಾಕಿಕೊಂಡು ಕೇಳಿದ, "ಯಾಕೆ, ಇವನು ಮಾತಾಡಲ್ವಾ?"

"ಮಾತಾಡ್ತಾನೆ ಸಾರ್" ಅಂದ ನನ್ನ ಬೆಂಚಿನವನು. "ಬರ್ಕೊಟ್ರೆ."

ಆ ಸಪ್ಲೈಯರ್ ನಕ್ಕ.